ಗಂದೆಯ ಕಾಯಿಲೆಗೆ ಪಥ್ಯದ ಪಟ್ಟಿ: ದಾರಿತಪ್ಪಿಸುವ ರಕ್ತಪರೀಕ್ಷೆ

ಮಾನ್ಯ ಸಂಪಾದಕರೇ,

ಮೂರು ವರ್ಷಗಳ ಹಿಂದೆ, ನನ್ನ ನಲವತ್ತೆರಡನೆಯ ವಯಸ್ಸಿನಲ್ಲಿ, ಮೈಮೇಲೆ ಗಂದೆಗಳು ಏಳತೊಡಗಿದವು. ಸಂಜೆಯಾಗುತ್ತಲೇ ಸೊಂಟದ ಸುತ್ತ ಕೆಂಪಗೆ ಉಬ್ಬಿ ತುರಿಸುತ್ತಿದ್ದ ಅವು ಬೆಳಗಾಗುವಷ್ಟರಲ್ಲಿ ಗುರುತೂ ಉಳಿಯದಂತೆ ಇಳಿದುಹೋಗುತ್ತಿದ್ದವು. ಮನೆಯವರು ಪಿತ್ತವೆಂದರು, ನೆರೆಯವರು ಬದನೆಕಾಯಿಯ ನಂಜೆಂದರು. ಖಾಸಗಿ ಪ್ರಯೋಗಾಲಯವೊಂದು ಸಾವಿರಾರು ರೂಪಾಯಿ ಪಡೆದು ರಕ್ತ ಪರೀಕ್ಷಿಸಿ, ಹಾಲು, ಗೋಧಿ, ಕಡಲೆಕಾಯಿ, ತೊಗರಿಬೇಳೆ ಸೇರಿದಂತೆ ಮೂವತ್ತಕ್ಕೂ ಹೆಚ್ಚು ಪದಾರ್ಥಗಳನ್ನು ಬಿಡಬೇಕೆಂಬ ಪಟ್ಟಿ ಕೊಟ್ಟಿತು. ಏಳು ತಿಂಗಳು ಅದನ್ನು ಪಾಲಿಸಿ ಒಂಬತ್ತು ಕಿಲೋ ತೂಕ ಇಳಿದೆ. ಗಂದೆ ಮಾತ್ರ ಇಳಿಯಲಿಲ್ಲ.

ಆ ವರದಿಯಲ್ಲಿ ಅಳೆದಿದ್ದುದು ಐಜಿಜಿ ಎಂಬ ಪ್ರತಿಕಾಯವನ್ನು (ಹೊರಗಿನ ವಸ್ತುಗಳನ್ನು ಗುರುತಿಸಲು ದೇಹ ತಯಾರಿಸುವ ಪ್ರೋಟೀನು) ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ನಾವು ದಿನವೂ ಉಣ್ಣುವ ಆಹಾರಕ್ಕೆ ಆರೋಗ್ಯವಂತರ ದೇಹದಲ್ಲೂ ಐಜಿಜಿ ಇದ್ದೇ ಇರುತ್ತದೆ. ಆ ಆಹಾರವನ್ನು ತಿಂದಿದ್ದೇವೆ ಎಂಬುದಕ್ಕಿಂತ ಹೆಚ್ಚಿನದನ್ನು ಅದು ಹೇಳುವುದಿಲ್ಲ. ಐಜಿಜಿಯದೇ ಒಂದು ಬಗೆಯಾದ ಐಜಿಜಿ4ರ ಪರೀಕ್ಷೆಯಿಂದ ಆಹಾರದ ಅಲರ್ಜಿಯನ್ನು ನಿರ್ಣಯಿಸಬಾರದೆಂದು ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲಿಯೇ ಸ್ಪಷ್ಟವಾಗಿ ಹೇಳಿದೆ. ತಿಂದ ಕೂಡಲೇ ತಲೆದೋರುವ ಅಲರ್ಜಿಗೆ ಕಾರಣವಾಗುವುದು 1966ರಲ್ಲಿ ಗುರುತಿಸಲಾದ ಐಜಿಇ ಎಂಬ ಬೇರೆಯದೇ ಪ್ರತಿಕಾಯ. ಅದು ರಕ್ತದಲ್ಲಿ ಕಂಡುಬಂದರೂ, ಆ ಪದಾರ್ಥ ತಿಂದಾಗ ನಿಜವಾಗಿ ತೊಂದರೆಯಾಗಿದೆಯೇ ಎಂದು ರೋಗಿಯನ್ನು ಕೇಳಿ ತಿಳಿಯದೆ ನಿರ್ಣಯಕ್ಕೆ ಬರುವಂತಿಲ್ಲ.

ಕೊನೆಗೆ ನನ್ನನ್ನು ನೋಡಿದ ಚರ್ಮರೋಗ ತಜ್ಞೆ ಅರ್ಧ ಗಂಟೆ ಪ್ರಶ್ನೆಗಳನ್ನೇ ಕೇಳಿದರು. ಆರು ವಾರಕ್ಕೂ ಮೀರಿ ಬಹುತೇಕ ದಿನವೂ ಏಳುವ ಗಂದೆಗೆ ಆಹಾರ ಕಾರಣವಾಗುವುದು ಅಪರೂಪವೆಂದೂ, ದೇಹದ ರೋಗನಿರೋಧಕ ವ್ಯವಸ್ಥೆಯೇ ತುರಿಕೆ ತರಿಸುವ ಹಿಸ್ಟಮಿನ್ ತುಂಬಿಕೊಂಡಿರುವ ಚರ್ಮದ ಮಾಸ್ಟ್ ಕೋಶಗಳನ್ನು ಕೆಣಕುವುದು ಹಲವರಲ್ಲಿ ಕಾರಣವೆಂದೂ ವಿವರಿಸಿದರು. ಇಂಥವರಲ್ಲಿ ಕೆಲವರಿಗೆ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ದಾಳಿ ಮಾಡುವ ಸ್ವಪ್ರತಿರಕ್ಷಾ ಕಾಯಿಲೆಯೂ ಇರುವುದರಿಂದ ಅದರ ಪರೀಕ್ಷೆ ಮಾಡಿಸಿದರು. ಮೈಕೈ ನೋವಿಗೆಂದು ನಾನು ನುಂಗುತ್ತಿದ್ದ ಐಬುಪ್ರೊಫೆನ್ ಗಂದೆಯನ್ನು ಕೆರಳಿಸಬಲ್ಲದು ಎಂಬುದನ್ನೂ ಅವರಿಂದಲೇ ಕೇಳಿದೆ. ಮಂಪರು ತರಿಸದ ಆಂಟಿಹಿಸ್ಟಮಿನ್ ಮಾತ್ರೆಯನ್ನು ಗಂದೆ ಎದ್ದಾಗ ಮಾತ್ರವಲ್ಲದೆ ದಿನವೂ ತೆಗೆದುಕೊಳ್ಳಬೇಕು. ಸಾಲದಿದ್ದರೆ ವೈದ್ಯರ ನಿಗಾದಲ್ಲಿ ನಾಲ್ಕು ಪಟ್ಟಿನವರೆಗೂ ಏರಿಸಬಹುದು. ಅದಕ್ಕೂ ಬಗ್ಗದವರಿಗೆ ನಾಲ್ಕು ವಾರಕ್ಕೊಮ್ಮೆ ಕೊಡುವ ಓಮಲಿಜುಮಾಬ್ ಚುಚ್ಚುಮದ್ದಿದೆ, ಆದರೆ ಅದು ದುಬಾರಿ. ನನಗೆ ಎರಡು ಪಟ್ಟು ಮಾತ್ರೆಯೇ ಸಾಕಾಯಿತು. ಮತ್ತೆ ಮೊಸರನ್ನ ಉಂಡ ದಿನ ನಾನು ಅತ್ತಿದ್ದೇನೆ.

ಆಹಾರದ ಅಲರ್ಜಿಯೇ ಸುಳ್ಳೆಂದು ನಾನು ಹೇಳುತ್ತಿಲ್ಲ. ಸಿಗಡಿಯನ್ನೋ ಗೋಡಂಬಿಯನ್ನೋ ತಿಂದ ಕೆಲವೇ ನಿಮಿಷಗಳಲ್ಲಿ ಮೈಯೆಲ್ಲ ಗಂದೆ ಎದ್ದು, ಉಸಿರು ಕಟ್ಟಿ, ತಲೆಸುತ್ತು ಬಂದರೆ ಅದು ಪ್ರಾಣಾಪಾಯ. ಆಗ ತೊಡೆಯ ಹೊರಬದಿಯ ಸ್ನಾಯುವಿಗೆ ತಡಮಾಡದೆ ಅಡ್ರಿನಲಿನ್ ಚುಚ್ಚುಮದ್ದು ಬೀಳಬೇಕು. ಅಂಥವರಿಗೆ ನಿಖರವಾದ ಪರೀಕ್ಷೆ ಬೇಕೇ ಬೇಕು. ನನ್ನ ತಕರಾರು, ಅಲರ್ಜಿ ಪರೀಕ್ಷೆಯ ಹೆಸರಿನಲ್ಲಿ ಐಜಿಜಿ ಪಟ್ಟಿಗಳನ್ನು ಮಾರುವುದರ ಬಗ್ಗೆ. ರಾಜ್ಯದ ಖಾಸಗಿ ಪ್ರಯೋಗಾಲಯಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿಯಲ್ಲಿ ನೋಂದಣಿಯಾಗಬೇಕಿರುವುದರಿಂದ, ಇಂಥ ಪ್ರತಿ ವರದಿಯ ಮೊದಲ ಪುಟದಲ್ಲಿ ‘ಈ ಪರೀಕ್ಷೆ ಅಲರ್ಜಿಯನ್ನು ನಿರ್ಣಯಿಸುವುದಿಲ್ಲ’ ಎಂದು ಕನ್ನಡದಲ್ಲಿ ಮುದ್ರಿಸುವಂತೆ ಆರೋಗ್ಯ ಇಲಾಖೆ ಆದೇಶಿಸಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ಪ್ರೌಢಶಾಲಾ ಶಿಕ್ಷಕಿ, ಹಾಸನ