ಬಳ್ಳಿ ಉಳಿಸಿಕೊಟ್ಟವರಿಗೆ

ಕಳೆದ ವಾರ ಶಿರಸಿಯ ಮಾರುಕಟ್ಟೆಯಲ್ಲಿ ನಮ್ಮ ಕಾಳುಮೆಣಸನ್ನು ಒಂದು ಲೀಟರಿನ ಡಬ್ಬಿಗೆ ತುಂಬಿ, ಬಾಯಿಗೆ ಸರಿಯಾಗಿ ಸವರಿ, ತಕ್ಕಡಿಯ ಮೇಲೆ ಇಟ್ಟರು. 590 ಗ್ರಾಂ ಬಂತು. ಡಬ್ಬಿ ಬರಿದು ಮಾಡಿ ಮತ್ತೊಮ್ಮೆ ತೂಗಿದಾಗಲೂ ಅಷ್ಟೇ ಬಂತು. ಕಾಳು ಗಟ್ಟಿಯಾಗಿ ತುಂಬಿದಷ್ಟೂ ಈ ಲೀಟರ್ ತೂಕ ಹೆಚ್ಚು; ಹಿಂದಿನ ಯಾವ ವರ್ಷವೂ ನಮ್ಮ ತೋಟದ ಮೆಣಸಿನದು 550 ದಾಟಿದ್ದಿಲ್ಲ. ಜೊಳ್ಳಿಲ್ಲದ, ಒಂದೇ ಬಣ್ಣದ ಆ ಕಾಳನ್ನು ಅಂಗೈಯಲ್ಲಿ ಹಿಡಿದುಕೊಂಡಾಗ ನನಗೆ ನೆನಪಾದದ್ದು ಎರಡು ವರ್ಷಗಳಲ್ಲಿ ನಾವು ಕಳೆದುಕೊಂಡ ಬಳ್ಳಿಗಳು, ಮತ್ತು ಉಳಿದವನ್ನು ಉಳಿಸಿಕೊಟ್ಟ ಜನ. ಅವರಿಗೆ ಎಲ್ಲರೆದುರು ಕೃತಜ್ಞತೆ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

2023ರ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆಯಾದ ಆಗಸ್ಟ್ ಎಂದು ದಾಖಲಾಯಿತು. ನಮ್ಮ ಮನೆಯ ಕೆಳಗಿನ ಹಳ್ಳ ಮರುವರ್ಷ ಫೆಬ್ರವರಿಯಲ್ಲೇ ನಿಂತಿತು, ಎಳೆಯ ಬಳ್ಳಿಗಳು ಅಡಿಕೆ ಮರದ ಮೇಲೆಯೇ ಒಣಗಿದವು. ಅದರ ಬೆನ್ನಿಗೆ 2024ರ ಜುಲೈ ಬಿಡದೆ ಸುರಿಯಿತು. ಸೊರಗು ರೋಗವನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ: ಮೊನ್ನೆ ಹಸಿರಾಗಿದ್ದ ಬಳ್ಳಿಯ ಎಲೆಗಳಲ್ಲಿ ಕಪ್ಪು ಕಲೆ ಕಾಣಿಸುತ್ತದೆ, ಎಲೆ ಉದುರುತ್ತದೆ, ಕೆಲವು ದಿನಗಳಲ್ಲಿ ಕಾಂಡವೇ ಗೆಣ್ಣು ಗೆಣ್ಣಾಗಿ ಕಳಚಿ ನೆಲಕ್ಕೆ ಬೀಳುತ್ತದೆ. ನಮ್ಮ ತೋಟದ ಅರ್ಧಕ್ಕಿಂತ ಹೆಚ್ಚು ಬಳ್ಳಿಗಳು ಹೀಗೆ ಹೋದವು.

ಆ ದಿನಗಳಲ್ಲಿ ಬೆಂಗಳೂರಿನ ಆಚೆ ನಂದಿ ಬೆಟ್ಟದ ತಪ್ಪಲಿನಲ್ಲಿ ವೈನ್ ದ್ರಾಕ್ಷಿ ಬೆಳೆಯುವ ತೋಟದಲ್ಲಿ ಕೆಲಸ ಮಾಡುವ ತಂಗಿಯ ಮಗ ಊರಿಗೆ ಬಂದಿದ್ದ. ಜಗಲಿಯಲ್ಲಿ ಕೂತು ಅವನು ಹೇಳಿದ ಸಂಗತಿಯೊಂದು ನನ್ನ ಮನಸ್ಸಿನಲ್ಲಿ ನಿಂತಿತು. 1961ರಲ್ಲಿ ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ಮೇ ಕೊನೆಯ ಹಿಮ ಬಹುಪಾಲು ಫಸಲನ್ನು ತೆಗೆದುಕೊಂಡು ಹೋಯಿತು. ಆಗಸ್ಟ್ ಒಣಗಿತು, ಸೆಪ್ಟೆಂಬರ್‌ನಲ್ಲಿ ಬಿಸಿಲು ಬಿತ್ತು. ಬಳ್ಳಿಯ ಮೇಲೆ ಉಳಿದ ಕೆಲವೇ ಗೊಂಚಲುಗಳ ಹಣ್ಣು ಸಣ್ಣದಾಗಿ, ರಸಕ್ಕೆ ಹೋಲಿಸಿದರೆ ಸಿಪ್ಪೆಯೇ ಹೆಚ್ಚಾಗಿ ಮಾಗಿತು. ಕೆಂಪು ವೈನಿನ ಬಣ್ಣವೂ ಒಗರೂ ಬರುವುದು ಆ ಸಿಪ್ಪೆಯಿಂದಲೇ ಆದ್ದರಿಂದ, ಆ ವರ್ಷದ ವೈನನ್ನು ಇಂದಿಗೂ ಶತಮಾನದ ಅತ್ಯುತ್ತಮ ವೈನುಗಳಲ್ಲಿ ಎಣಿಸುತ್ತಾರಂತೆ. ನನಗೆ ಸಮಾಧಾನವಾಗಲಿ ಎಂದು ಹೇಳಿದ್ದಾನೆಂದುಕೊಂಡೆ. ಆದರೆ ಅವನು ಅಲ್ಲಿಗೆ ನಿಲ್ಲಿಸಲಿಲ್ಲ: "ದೊಡ್ಡಮ್ಮ, ಕಷ್ಟ ಬಂದ ಮಾತ್ರಕ್ಕೆ ವೈನ್ ಚೆನ್ನಾಗಿ ಆಗುವುದಿಲ್ಲ. ಕೊಯ್ಲಿನ ಹೊತ್ತಿಗೆ ಮಳೆ ಬಿದ್ದರೆ ಹಣ್ಣು ನೀರು ಕುಡಿದು ಒಡೆದು ಕೊಳೆಯುತ್ತದೆ. ಅಂಥ ವರ್ಷ ಒಳ್ಳೆಯ ವೈನ್ ಬಂದಿದ್ದರೆ, ಕೊಳೆತದ್ದನ್ನು ಒಂದೊಂದಾಗಿ ಆರಿಸಿ ತೆಗೆದವರಿಂದ ಬಂದಿರುತ್ತದೆ."

ಅವನ ಮಾತು ಎಷ್ಟು ನಿಜವೆಂದು ನಮ್ಮ ತೋಟದಲ್ಲೇ ಕಂಡೆ. ಬೇಸಿಗೆಯಲ್ಲಿ ಮೆಣಸಿನ ಬಳ್ಳಿಗೆ ಸ್ವಲ್ಪ ಬಾಯಾರಿಕೆಯಾಗಬೇಕು, ಆಗಲೇ ಮಳೆ ಬಿದ್ದೊಡನೆ ಚಿಗುರೂ ತೆನೆಯೂ ಒಟ್ಟಿಗೆ ಹೊರಡುತ್ತವೆ ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಮಾರ್ಚ್ ನಂತರ ನೀರು ನಿಲ್ಲಿಸಿ ಎಂದು ತೋಟಗಾರಿಕೆಯವರು ಹೇಳುವುದೂ ಇದಕ್ಕೇ. ಬರವನ್ನು ತಾಳಿಕೊಂಡ ಬಲಿತ ಬಳ್ಳಿಗಳು ಕಳೆದ ಜೂನ್‌ನಲ್ಲಿ ಹಾಗೆಯೇ ಒಮ್ಮೆಲೆ ತೆನೆ ಬಿಟ್ಟವು. ಮಳೆ ನಡುವೆ ಕೈಕೊಡದ್ದರಿಂದ ತೆನೆ ಉದುರಲಿಲ್ಲ, ಕಾಳು ಸಾಲಾಗಿ ತುಂಬಿಕೊಂಡಿತು. ಆದರೆ ಅದೇ ಮಳೆ ಬುಡದಲ್ಲಿ ರೋಗವನ್ನೂ ಸಾಕುತ್ತಿತ್ತು. ಆ ತೆನೆಗಳು ಕೊಯ್ಲಿನ ತನಕ ಬಳ್ಳಿಯ ಮೇಲೆ ಉಳಿದದ್ದು ಮನುಷ್ಯರ ಶ್ರಮದಿಂದ.

ಮೊದಲ ಕೃತಜ್ಞತೆ, ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ, ಮದ್ದು ಹೊಡೆಯುವ ನಮ್ಮ ಕೊನೆಗೌಡರಿಗೆ. ಮೇ ತಿಂಗಳಿನಲ್ಲಿ ರೋಗ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುತ್ತಿದ್ದಾಗ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಮುಗಿಸಿ ನಾನು ಎದ್ದುಬಿಟ್ಟಿದ್ದೆ. ಅವರು ಸೊಂಟದ ಕತ್ತಿಯನ್ನು ಉಜ್ಜಿ ಹೊಳಪು ಬರಿಸಿ, ಪೀಪಾಯಿಯಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಮೇಲೆತ್ತಿ ತೋರಿಸಿದರು. ಅಲಗಿನ ಮೇಲೆ ತೆಳುವಾಗಿ ತಾಮ್ರದ ಕೆಂಪು ಕೂತಿತ್ತು. "ಅಮ್ಮಾ, ಸುಣ್ಣ ಸತ್ವ ಇಲ್ಲದ್ದು. ಹೀಗೇ ಹೊಡೆದರೆ ಎಲೆ ಸುಡುತ್ತದೆ" ಎಂದರು. ಸುಣ್ಣದ ತಿಳಿ ಸೇರಿಸಿ ಮೂರು ಸಲ ಕತ್ತಿ ಅದ್ದಿ ನೋಡಿ, ಕೆಂಪು ಕೂರದಿದ್ದಾಗಲೇ ಅವರು ಸಿಂಪಡಿಸಲು ಒಪ್ಪಿದರು. ಈ ಮದ್ದು ಹುಟ್ಟಿದ್ದೂ ಬೋರ್ಡೋದ ದ್ರಾಕ್ಷಿ ತೋಟಗಳಲ್ಲಿಯೇ. ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಬಳಿದಿದ್ದ ತಾಮ್ರ-ಸುಣ್ಣ ಎಲೆಗಳನ್ನು ಬೂಜು ರೋಗದಿಂದ ಕಾಯುತ್ತಿರುವುದನ್ನು ಕಂಡ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದಲ್ಲಿ ಅಡಿಕೆಯ ಕೊಳೆರೋಗಕ್ಕೆ ಅದನ್ನೇ ಬಳಕೆಗೆ ತಂದರು. ಅಲ್ಲಿಯ ಬಳ್ಳಿಯನ್ನು ಕಾಯ್ದ ಮದ್ದು ಇಲ್ಲಿಯ ಬಳ್ಳಿಯನ್ನೂ ಕಾಯುತ್ತಿದೆ ಎಂಬುದು ನನಗೆ ಇಂದಿಗೂ ಸೋಜಿಗ.

ಜುಲೈಯ ಆ ಮಳೆಯಲ್ಲಿ ಕರೆಯದೆಯೇ ಬಂದು ಕಾಲುವೆ ಬಿಡಿಸಿ, ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಂಡ ಪಕ್ಕದ ಮನೆಯ ಅಣ್ಣತಮ್ಮಂದಿರಿಗೆ ನಾನು ಋಣಿ. ಸತ್ತ ಬಳ್ಳಿಗಳನ್ನು ಬೇರು ಸಹಿತ ಕಿತ್ತು ಸುಡಲು ನನಗೆ ಮನಸ್ಸು ಬಂದಿರಲಿಲ್ಲ. ನಮ್ಮ ಅತ್ತೆಯವರು ಹಾಕಿದ್ದ ಮಲ್ಲಿಗೆಸರ ಎಂಬ ಮೆಣಸಿನ ತಳಿಯ ಬಳ್ಳಿಗಳೂ ಅವುಗಳಲ್ಲಿದ್ದವು. ಅದನ್ನೂ ಅವರೇ ಮಾಡಿದರು, ನಾನು ಒಳಗಿರುವ ಹೊತ್ತು ನೋಡಿ.

ಕೊಯ್ಲಿಗೆ ಬಂದ ಹೆಣ್ಣುಮಕ್ಕಳ ಉಪಕಾರ ಇನ್ನೂ ದೊಡ್ಡದು. ತೆನೆಯಲ್ಲಿ ಒಂದೆರಡು ಕಾಳು ಕೆಂಪಾದ ಮೇಲೆಯೇ ಕೊಯ್ಯಬೇಕೆಂದು ನಾನು ಹಟ ಹಿಡಿದದ್ದರಿಂದ ಒಂದೇ ಮರಕ್ಕೆ ಮೂರು ಸಲ ಏಣಿ ಇಡಬೇಕಾಯಿತು. ಒಬ್ಬರೂ ಬೇಸರಿಸಲಿಲ್ಲ. ಬಿಡಿಸಿದ ಕಾಳನ್ನು ಬಟ್ಟೆಯಲ್ಲಿ ಕಟ್ಟಿ ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು, ಅಂಗಳದ ಚಾಪೆಯ ಮೇಲೆ ಹರವಿ, ಎರಡು ಮಧ್ಯಾಹ್ನ ಮೋಡ ಕವಿದಾಗ ಓಡಿ ಬಂದು ಒಳಗೆ ಸಾಗಿಸಿದವರೂ ಅವರೇ. ಕೊನೆಗೆ ಮೊರದಲ್ಲಿ ಕೇರಿ ಜೊಳ್ಳು ತೆಗೆದಾಗ ರಾಶಿ ಇನ್ನಷ್ಟು ಕುಗ್ಗಿತು. ಆ ಕೈಗಳ ಕೆಲಸವನ್ನೇ ಮಾರುಕಟ್ಟೆಯವರು ಡಬ್ಬಿಯಲ್ಲಿ ತುಂಬಿ ತೂಗಿದ್ದು.

ಸಾಲದ ಕಂತಿಗೆ ಅವಧಿ ಕೊಟ್ಟ ಸಹಕಾರಿ ಸಂಘದವರಿಗೂ ನಮಸ್ಕಾರಗಳು. ಆ ಬಾಕಿ ಈಗ ತೀರಿದೆ.

ಈ ಫಸಲಿನಿಂದ ಒಂದು ಚೀಲವನ್ನು ಮಾರದೆ ಇಟ್ಟುಕೊಂಡಿದ್ದೇನೆ. ಮೇಲೆ ನೆನೆದವರೆಲ್ಲರ ಮನೆಗೂ ಅರ್ಧ ಅರ್ಧ ಕಿಲೋ ನಾನೇ ತಲುಪಿಸುತ್ತೇನೆ. ಕೊನೆಗೌಡರಿಗೆ ಒಂದು ಕಿಲೋ, ಜೊತೆಗೆ ಈ ಸಲ ಸುಣ್ಣವನ್ನು ಅವರೇ ಆರಿಸಿ ತರಬೇಕೆಂಬ ಬಿನ್ನಹ. ಉಳಿದ ಬಳ್ಳಿಗಳಿಂದ ತೆಗೆದ ಕುಡಿಗಳು ಮಣ್ಣು ತುಂಬಿದ ಕೊಟ್ಟೆಯಲ್ಲಿ (ಸಸಿ ಚೀಲದಲ್ಲಿ) ಚಿಗುರಿವೆ, ಜೂನ್ ಮೊದಲ ಮಳೆಗೆ ನೆಡಲು ಬೇಕಾದಷ್ಟಿವೆ.