ನನ್ನ ಉಗುಳು ನಿಜವಾಗಿಯೂ ಉಪ್ಪಾಗಿತ್ತು, ನಂಬಿದವರಿಗೆಲ್ಲ ಥ್ಯಾಂಕ್ಸ್

ಮೊನ್ನೆ ಹಲ್ಲಿನ ಡಾಕ್ಟರ್ ನನ್ನ ಬಾಯಿಂದ ಕನ್ನಡಿ ತೆಗೆದು "ಹೊಸ ಹುಳುಕು ಒಂದೂ ಇಲ್ಲ" ಅಂದರು. ಇಡೀ ಒಂದು ವರ್ಷದಲ್ಲಿ ಒಂದೂ ಇಲ್ಲ! ಅದರ ಹಿಂದಿನ ವರ್ಷ ಐದು ಹಲ್ಲು ತುಂಬಿಸಿಕೊಂಡವಳು ನಾನು. ಕುರ್ಚಿಯಲ್ಲೇ ಅತ್ತುಬಿಟ್ಟೆ, ಆದರೆ ಕಣ್ಣೀರು ಬರಲಿಲ್ಲ. (ಈ ಕಾಯಿಲೆ ಇರುವವರಿಗೆ ಈ ಜೋಕ್ ಅರ್ಥವಾಗುತ್ತದೆ.)

ನನಗಿರುವುದು ಶೋಗ್ರೆನ್ಸ್ ಸಿಂಡ್ರೋಮ್. ಸೋಂಕಿನ ಜೊತೆ ಹೋರಾಡಬೇಕಾದ ಜೀವಕೋಶಗಳು ದಾರಿ ತಪ್ಪಿ ನಮ್ಮದೇ ಜೊಲ್ಲು ಗ್ರಂಥಿ, ಕಣ್ಣೀರು ಗ್ರಂಥಿಗಳ ಮೇಲೆ ಬೀಳುತ್ತವೆ. 1933ರಲ್ಲಿ ಇದರ ಬಗ್ಗೆ ಪ್ರಬಂಧ ಬರೆದ ಸ್ವೀಡನ್ನಿನ ಕಣ್ಣಿನ ಡಾಕ್ಟರ್ ಹೆನ್ರಿಕ್ ಶೋಗ್ರೆನ್ ಅವರ ಹೆಸರೇ ಇದಕ್ಕೆ. ಹೆಂಗಸರಲ್ಲೇ ಜಾಸ್ತಿ. ಹೆಸರು ಗೊತ್ತಾಗುವ ಮುಂಚೆ ಮೂರು ವರ್ಷ ಎಲ್ಲರೂ ಕೊಟ್ಟ ಔಷಧಿ ಒಂದೇ, "ನೀರು ಜಾಸ್ತಿ ಕುಡಿ". ಕುಡಿದೆ. ರಾತ್ರಿ ನಾಲ್ಕು ಸಲ ಎದ್ದು ಕುಡಿದೆ, ಇನ್ನು ನಾಲ್ಕು ಸಲ ಎದ್ದು ಬಾತ್‌ರೂಮಿಗೆ ಹೋದೆ, ಅಷ್ಟೇ ಲಾಭ. ಉಗುಳು ಉಪ್ಪುಪ್ಪು, ಅಂಟಂಟು, ದಾರದ ಹಾಗೆ ಎಳೆಯುತ್ತದೆ ಅಂದರೆ ಒಬ್ಬ ಡಾಕ್ಟರ್ "ಟೆನ್ಷನ್ ಬಿಡಿ" ಅಂದು ಕಳಿಸಿದರು.

ಮೊದಲ ಥ್ಯಾಂಕ್ಸ್ ಹಲ್ಲಿನ ಡಾಕ್ಟರಿಗೇ. ಕನ್ನಡಿ ಕೆನ್ನೆಯ ಒಳಗೆ ಅಂಟಿಕೊಂಡಾಗ ಅವರು ಸುಮ್ನೆ ಕಿತ್ತು ಮುಂದುವರಿಯಲಿಲ್ಲ, ನಿಂತು ನೋಡಿದರು. ಹುಳುಕೆಲ್ಲ ಒಸಡಿನ ಅಂಚಿನಲ್ಲಿ, ಹಲ್ಲಿನ ತುದಿಯಲ್ಲಿ. "ಸಿಹಿ ತಿಂದದ್ದೊಂದೇ ಕಾರಣ ಅಲ್ಲ ಇದು, ಉಗುಳು ಇಲ್ಲಿ ತನ್ನ ಕೆಲಸ ಮಾಡ್ತಿಲ್ಲ" ಅಂದು ರುಮಟಾಲಜಿಸ್ಟ್ (ಕೀಲುನೋವು, ಇಂಥ ದಾರಿ ತಪ್ಪಿದ ಜೀವಕೋಶಗಳ ಕಾಯಿಲೆ ನೋಡುವ ಡಾಕ್ಟರ್) ಹತ್ತಿರ ಕಳಿಸಿದರು.

ಆ ಮೇಡಂ ರಕ್ತ ಪರೀಕ್ಷೆ ಮಾಡಿಸಿದರು, ಕೆಳತುಟಿಯ ಒಳಗಿನಿಂದ ಪುಟ್ಟ ಗ್ರಂಥಿಗಳನ್ನು ತೆಗೆಸಿ ನೋಡಿದರು. ಎಲ್ಲ ಬಂದ ಮೇಲೆ ನಾನು ಹಿಂಜರಿಯುತ್ತಾ "ಉಪ್ಪು ಅನ್ನಿಸೋದು ನನ್ನ ಭ್ರಮೇನಾ?" ಅಂತ ಕೇಳಿದೆ. ಅವರು ಒಂದು ಹಾಳೆ ತಗೊಂಡು ದ್ರಾಕ್ಷಿ ಗೊಂಚಲಿನ ಹಾಗೆ ಗ್ರಂಥಿಯ ಚಿತ್ರ ಬರೆದರು. ಗೊಂಚಲಿನಲ್ಲಿ ಉಗುಳು ಹುಟ್ಟುವಾಗ ಎಲ್ಲರದ್ದೂ ಉಪ್ಪೇ ಅಂತೆ! ನಾಳದಲ್ಲಿ ಹರಿದು ಬರುವಾಗ ನಾಳದ ಗೋಡೆ ಸೋಡಿಯಂ, ಕ್ಲೋರೈಡ್ ಎರಡನ್ನೂ ವಾಪಸ್ ಹೀರಿಕೊಳ್ಳುತ್ತದೆ, ಹಾಗಾಗಿ ಬಾಯಿಗೆ ಬರುವಷ್ಟರಲ್ಲಿ ಸಪ್ಪೆ. ನಮ್ಮಂಥವರಲ್ಲಿ ಆ ಗೋಡೆಯೇ ಕೆಟ್ಟಿರುತ್ತದೆ, ಉಪ್ಪು ಉಳಿದುಬಿಡುತ್ತದೆ. ಹರಿವು ಕಮ್ಮಿಯಾದರೆ ಹುಳಿಯನ್ನು ತಗ್ಗಿಸುವ ಬೈಕಾರ್ಬೊನೇಟ್ ಕೂಡ ಕಮ್ಮಿ, ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 5.5ರ ಹತ್ತಿರಕ್ಕೆ ಇಳಿದರೆ ಹಲ್ಲಿನ ಮೇಲಿನ ಪದರ ಕರಗತೊಡಗುತ್ತದೆ. ಬಾಯನ್ನು ಜಾರುವಂತೆ ಇಡುವ ಮ್ಯೂಸಿನ್ ಅನ್ನುವ ಪ್ರೋಟೀನಿನ ರಚನೆಯೂ ಬದಲಾಗಿ ಅದು ನೀರನ್ನು ಸರಿಯಾಗಿ ಹಿಡಿದುಕೊಳ್ಳುವುದಿಲ್ಲ, ಅದಕ್ಕೇ ಸ್ವಲ್ಪ ಉಗುಳು ಇದ್ದರೂ ಒಣ ಒಣ. ಉಗುಳಿನಲ್ಲಿ 99 ಪಾಲು ನೀರೇ, ಆದರೆ ನನಗೆ ಕೈಕೊಟ್ಟಿದ್ದು ಉಳಿದ ಆ ಒಂದು ಪಾಲು ಕೂಡ. ಬಾಟಲಿ ನೀರಿನಲ್ಲಿ ಅದೆಲ್ಲಿ ಸಿಗಬೇಕು ಹೇಳಿ.

"ನೀವು ಹೇಳಿದ್ದು ಸರಿ" ಅಂದರು ಮೇಡಂ. ಆ ಹಾಳೆ ಇನ್ನೂ ನನ್ನ ಫೈಲಿನಲ್ಲಿದೆ.

ತಂಗಿಗೆ ಏನು ಹೇಳಲಿ, ಊಟಕ್ಕೆ ಕೂತಾಗ ನನ್ನ ತುತ್ತು ಇಳಿಯುವವರೆಗೆ ತಾನೂ ಕೈ ಎತ್ತದೆ ಕಾಯುತ್ತಾಳೆ, ಕಾಯುತ್ತಿದ್ದೇನೆ ಅಂತ ತೋರಿಸಿಕೊಳ್ಳುವುದೂ ಇಲ್ಲ. ಕ್ಲಿನಿಕ್ಕಿನಲ್ಲಿ ಪಕ್ಕ ಕೂತು ಕ್ಸೈಲಿಟಾಲ್ ಗಮ್ (ಹಲ್ಲು ಹುಳುಕಾಗಿಸದ ಸಿಹಿ ಹಾಕಿದ ಚೂಯಿಂಗ್ ಗಮ್) ಬಗ್ಗೆ ಹೇಳಿಕೊಟ್ಟ ಅಕ್ಕನಿಗೂ ಥ್ಯಾಂಕ್ಸ್. ಈಗ ಫ್ಲೋರೈಡ್, ಗಮ್, ಪೈಲೋಕಾರ್ಪಿನ್ ಮಾತ್ರೆ, ಹೀಗೆ ನಡೆಯುತ್ತಿದೆ. ಮಾತ್ರೆ ಉಳಿದ ಗ್ರಂಥಿಯನ್ನು ಚಿವುಟಿ ಎಬ್ಬಿಸುತ್ತದೆ, ಜೊತೆಗೆ ಬೆವರನ್ನೂ. ಇರಲಿ ಬಿಡಿ.

ಕೊನೆಗೆ ಲ್ಯಾಬಿನ ಸಿಸ್ಟರ್. ಉಗುಳು ಅಳೆಯುವ ಪರೀಕ್ಷೆ ಅಂದರೆ 15 ನಿಮಿಷ ನುಂಗದೆ, ಅಗಿಯದೆ, ತಲೆ ಬಗ್ಗಿಸಿ ಕಪ್ಪಿನೊಳಗೆ ಜೊಲ್ಲು ಬಿಡುತ್ತಾ ಕೂರುವುದು. ನಿಮಿಷಕ್ಕೆ 0.1 ಮಿಲಿ ಅಥವಾ ಅದಕ್ಕಿಂತ ಕಮ್ಮಿ ಬಂದರೆ ಅದು ಈ ಕಾಯಿಲೆಗೊಂದು ಸುಳಿವು. ನನಗೆ ಅಷ್ಟೂ ಹೊತ್ತಿಗೆ ಒಂದು ಮಿಲಿಯೂ ಆಗಲಿಲ್ಲ, ನಾಚಿಕೆಯಿಂದ ಕುಗ್ಗಿ ಹೋಗಿದ್ದೆ. ಆಕೆ ಬಾಗಿಲು ಹಾಕಿ, ಫೋನ್ ಬದಿಗಿಟ್ಟು, ಮುಖ ಆ ಕಡೆ ತಿರುಗಿಸಿ ನನ್ನ ಜೊತೆ ಸುಮ್ಮನೆ ಕೂತಿದ್ದರು. ಹೆಸರು ಕೇಳೋಣ ಅಂದುಕೊಂಡೆ, ಬಾಯಿ ಬಿಡುವ ಹಾಗಿರಲಿಲ್ಲ ಅಲ್ವಾ.