ಭಾನುವಾರ ಮಕ್ಕಳ ಕಾರ್ ಸೀಟಿನ ಲೆಕ್ಕ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ಆನ್‌ಲೈನ್ ಕ್ಲಾಸ್ ಇದೆ. ವಿಷಯ ಹೈಪಾಥಿಸಿಸ್ ಟೆಸ್ಟಿಂಗ್, ಅಂದ್ರೆ ಒಂದು ಊಹೆಯನ್ನು ಅಂಕಿಅಂಶಗಳಿಂದ ಪರೀಕ್ಷಿಸಿ ನೋಡುವುದು. ಪರೀಕ್ಷೆ ಬರೆಯುವವರು ತಪ್ಪಿಸಬೇಡಿ.

ಉದಾಹರಣೆಗೆ ಇದನ್ನು ತಗೊಳ್ಳೋಣ. ಅಮೆರಿಕದ ರಸ್ತೆ ಸುರಕ್ಷತೆಯ ಎನ್‌ಎಚ್‌ಟಿಎಸ್‌ಎ ಸಂಸ್ಥೆ ಕಾರಿನಲ್ಲಿ ಮಕ್ಕಳನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಸೀಟುಗಳನ್ನು ಡಿಕ್ಕಿ ಹೊಡೆಸಿ ನೋಡಿದಾಗ ಸಿಕ್ಕ ತಲೆಪೆಟ್ಟಿನ ಅಳತೆಗಳು: 774, 649, 1210, 546, 431, 612. ಇರಬೇಕಾದದ್ದು 1000ಕ್ಕಿಂತ ಕಡಿಮೆ.

ಬರುವ ಮುಂಚೆ ಒಂದ್ಸಲ ಕೈಯಲ್ಲೇ ಲೆಕ್ಕ ಮಾಡಿ. ನಿಜವಾದ ಸರಾಸರಿ 1000 ಎಂದೇ ಮೊದಲು ಇಟ್ಟುಕೊಳ್ಳಿ. ಟಿ ಬೆಲೆ (ನಮ್ಮ ಸರಾಸರಿ 1000ದಿಂದ ಎಷ್ಟು ದೂರ ಇದೆ ಎಂದು ಅಳತೆಗಳ ಏರುಪೇರಿಗೆ ಹೋಲಿಸಿ ಹೇಳುವ ಅಂಕಿ) ಸುಮಾರು -2.66 ಬರಬೇಕು. ನಿಜವಾದ ಸರಾಸರಿ 1000ಕ್ಕಿಂತ ಕಡಿಮೆ ಎನ್ನಲು 5% ಮಟ್ಟದಲ್ಲಿ (ಅದು 1000 ಇದ್ದರೂ ತಪ್ಪಾಗಿ ಕಡಿಮೆ ಎನ್ನುವ ಸಾಧ್ಯತೆ 5% ಮೀರದಂತೆ) ಪುರಾವೆ ಸಾಕು, 1%ಕ್ಕೆ ಸಾಲದು. ಸರಾಸರಿ 704 ಬಂತು ಅಂತ ಸುಮ್ನೆ ಸಮಾಧಾನಪಡಬೇಡಿ. ಆ 1210ರ ಸೀಟಿನಲ್ಲಿ ಕೂರುವುದೂ ಒಂದು ಮಗುವೇ ಅಲ್ವಾ? ಅದನ್ನೇ ಜಾಸ್ತಿ ಮಾತಾಡೋಣ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿ ತಿಳಿಸಿ. ಲೆಕ್ಕದ ಫೋಟೋ ನನಗೆ ಕಳಿಸಿ.